ಅಜ್ಜನ ಸರ್ಕಾರಿ ಕಾರು

ರೆಕ್ಸಿನ್ ಸೀಟಿನ ಬೆಚ್ಚನೆಯ ವಾಸನೆ ಬಂದರೆ ಇವತ್ತಿಗೂ ನನ್ನ ಅಂಗೈ ಬಿಸಿಯಾಗುತ್ತದೆ.

ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ, ಬಿಸಿಲೇ ಬೀಳದ ಮೂಲೆಯಲ್ಲಿ ಅಜ್ಜನ ಕಾರು ನಿಂತಿತ್ತು. ಅದನ್ನು ಮಾಡಿದ್ದು ಸರ್ಕಾರದ್ದೇ ಒಂದು ಕಂಪನಿ; ಕೆಲವೇ ವರ್ಷ ನಡೆದು ಮುಚ್ಚಿಹೋಗಿತ್ತು. ಕಾರು ಕೆಟ್ಟಾಗ ಬಿಡಿಭಾಗ ಎಲ್ಲೂ ಸಿಗಲಿಲ್ಲ. "ಸರಕಾರದ್ದು ಎಲ್ಲಿ ಹೋಗ್ತೈತಿ? ನಾನ ಹೋಗಿ ಸಾಮಾನು ತಗೊಂಡ ಬರ್ತೀನಿ" ಎಂದು ಕಂಪನಿಯಿದ್ದ ಊರಿಗೆ ಹೊರಟ ಅಜ್ಜ ಮರಳಿ ಬರಲೇ ಇಲ್ಲ. ನಾನಾಗ ಇನ್ನೂ ಹುಟ್ಟಿರಲಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದಾಗಿನ ಒಂದು ಖಂಡೆಪೂಜೆ, ಅಂದರೆ ನಮ್ಮ ಕಡೆಯ ಆಯುಧಪೂಜೆ. ವರ್ಷಕ್ಕೊಮ್ಮೆ ಊರಿನ ಮಗ್ಗಗಳೆಲ್ಲ ಸುಮ್ಮನಿರುವ ಮಧ್ಯಾಹ್ನ. ತಣ್ಣಗೆ ನಿಂತಿದ್ದ ಒಂದೊಂದು ಮಗ್ಗಕ್ಕೂ ವಿಭೂತಿ ಹಚ್ಚುತ್ತ ಬಂದು, ಕೊನೆಗೆ ಕಾರಿನ ಬಾನೆಟ್ ಮೇಲೆ ಕೈಯಿಟ್ಟವಳು ಥಟ್ಟನೆ ಹಿಂತೆಗೆದೆ. ಕಾರಿನೊಳಗಿಂದ ರೆಕ್ಸಿನ್ ಸೀಟಿನ ಬೆಚ್ಚನೆಯ ವಾಸನೆ ಬರುತ್ತಿತ್ತು.

"ಆಯಿ, ಇದು ಬಿಸಿ ಐತಿ! ಈಗಷ್ಟ ಓಡಿ ಬಂದಂಗ ಐತಿ!"

ಹೂವು ಏರಿಸುತ್ತಿದ್ದ ಅಜ್ಜಿ ಹೆದರಲಿಲ್ಲ. ಬಾನೆಟ್ ಮುಟ್ಟಿ ನೋಡಲೂ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಾರಿನ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಹಂಗಾದ್ರ ಸಾಮಾನು ಸಿಕ್ಕಿರಬೇಕು" ಎಂದಳು. "ಲಗೂನ ಹೋಗವಾ, ಅವರ ಕಾಲಿಗೆ ನೀರು ತಗೊಂಬಾ."