ಉಸುಕಿನ ಗಡಿಗೆಯ ಇನ್ಸುಲಿನ್

ದಿನಾ ಬೆಳಿಗ್ಗೆ ಸೂಜಿ ಚುಚ್ಚಿಕೊಳ್ಳುವಾಗ ಇನ್ಸುಲಿನ್ನಿನ ಆಸ್ಪತ್ರೆ ವಾಸನೆ ಬಂದರೆ, ನನಗೆ ನೆನಪಾಗುವುದು ಹಸಿ ಉಸುಕು.

ಸುರಪುರದ ಕಡೆ, ಕೃಷ್ಣೆಯ ನಡುಗಡ್ಡೆಯೊಂದರಲ್ಲಿತ್ತು ನಮ್ಮ ಮನೆ; ನಮ್ಮ ಕಡೆ ಅದಕ್ಕೆ ಗಡ್ಡಿ ಎನ್ನುತ್ತಾರೆ. ಕರೆಂಟು ಇದ್ದೂ ಇಲ್ಲದಂತೆ. ಆಯಿ, ಅಂದರೆ ನನ್ನ ಅಜ್ಜಿ, ತನ್ನ ಇನ್ಸುಲಿನ್ ಸೀಸೆಯನ್ನು ತಂಪಾಗಿರಲೆಂದು ಹಸಿ ಉಸುಕಿನ ಗಡಿಗೆಯಲ್ಲಿ ಹೂತಿಡುತ್ತಿದ್ದಳು. ಆ ಮಳೆಗಾಲ ಹೊಳೆ ಏರಿ ಹರಿಗೋಲು ನಿಂತಿತು. ಔಷಧಿ ಮುಗಿದೀತೆಂದು ಆಯಿ ಅರ್ಧರ್ಧವೇ ಚುಚ್ಚಿಕೊಂಡಳು. ಕೊನೆಗೆ ತಂಬಿಗೆ ಎತ್ತುವುದಕ್ಕೂ ಅವಳ ಕೈ ಸೋತಿತ್ತು.

ಎಂಟನೆಯ ದಿನ ಮಧ್ಯಾಹ್ನ, ಶಹಾಪುರದಲ್ಲಿ ಮಾಸ್ತರನಾಗಿದ್ದ ಆಯಿಯ ಕಿರಿಮಗ, ನನ್ನ ಕಾಕಾ, ಬೆನ್ನಿಗೆ ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು ಈಜಿ ಬಂದ. ಒಂದು ಬುರುಡೆಯೊಳಗೆ ಹೊಸ ಸೀಸೆಯಿಟ್ಟು ಬಾಯಿಗೆ ಮೇಣ ಮೆತ್ತಿದ್ದ. ಸೀಸೆ ತೆಗೆದು, ನಡುಗುತ್ತಲೇ ನನಗೆ ಪಾಠ ಶುರು ಮಾಡಿದ.

"ಲ್ಯಾಟಿನ್ ಭಾಷಾದಾಗ ಗಡ್ಡಿಗಿ ಇನ್ಸುಲಾ ಅಂತಾರ. ಇನ್ಸುಲಿನ್ ಅನ್ನೋ ಹೆಸರು ಅದರಿಂದನ ಬಂದದ. ಹೊಟ್ಟ್ಯಾಗ ಇದು ಹುಟ್ಟೋ ಜಾಗ ಸಣ್ಣ ಸಣ್ಣ ಗಡ್ಡಿ ಇದ್ದಂಗ ಇರ್ತಾವ."

ಗೋಡೆಗೆ ಒರಗಿದ್ದ ಆಯಿ ಕಣ್ಣು ತೆರೆಯದೇ ಕೇಳಿದಳು: "ಅಲ್ಲಿಗಿ ಹರಿಗೋಲ ಯಾರು ಹಾಕ್ತಾರಪಾ?"

ಕಾಕಾ ಸೀಸೆಯನ್ನು ಅವಳ ಕೈಗಿತ್ತ. ಆಯಿ ಮೆಲ್ಲಗೆ ಎದ್ದು ಸೂಜಿಗೆ ಔಷಧಿ ಎಳೆದಳು, ಮತ್ತೆ ಅರ್ಧವೇ.

"ಯವ್ವಾ, ಸೀಸಾ ತುಂಬ ಅದ. ಪೂರಾ ತಗೋ," ಎಂದ ಕಾಕಾ.

"ಹೊಳಿ ಇಳೀಲಿ, ತಗೊಂತೀನಿ," ಎಂದು ಸೀಸೆಯನ್ನು ಉಸುಕಿನಲ್ಲಿ ಹೂತಳು.

ಹೊಳೆ ಇಳಿಯಿತು, ಹರಿಗೋಲು ಓಡಾಡಿತು. ಆಯಿಯ ಸೂಜಿ ಮಾತ್ರ ಅರ್ಧದ ಗೆರೆ ದಾಟಲೇ ಇಲ್ಲ.