ಮೇಲಿನ ಮಂಚ

ನಾಲ್ಕನೆಯ ವಸತಿಗೃಹದ ಬಾಗಿಲಲ್ಲೂ “ಜಾಗ ಇಲ್ಲ” ಎಂಬ ಉತ್ತರ ಬಂದಾಗ ಅಳಿಯನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖವನ್ನು ಮಾತ್ರ ಸಪ್ಪಗೆ ಮಾಡಿಕೊಂಡು ಗಡಿಯಾರ ನೋಡಿದ. ಊರಿಗೆ ಮರಳುವ ಕೊನೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

“ಮಾವ, ಬೆಟ್ಟ ಎಲ್ಲೂ ಓಡಿಹೋಗಲ್ಲ. ಮುಂದಿನ ವರ್ಷ ಮೊದಲೇ ಜಾಗ ಹೇಳಿಟ್ಟು ಬರೋಣ.”

“ಬೆಟ್ಟ ಓಡಿಹೋಗಲ್ಲ ಅಳಿಯಂದ್ರೇ, ನನ್ನ ಮಂಡಿ ಓಡಿಹೋಗುತ್ತೆ,” ಎಂದ ಮಾವ ಚೀಲ ಹೆಗಲಿಗೇರಿಸಿ ಐದನೆಯ ಬಾಗಿಲಿನತ್ತ ನಡೆದೇಬಿಟ್ಟರು.

ಮೂವತ್ತನಾಲ್ಕು ವರ್ಷ ವಿದ್ಯುತ್ ಕಂಬ ಹತ್ತಿ ನಿವೃತ್ತರಾದ ಲೈನ್‌ಮನ್ ಅವರು. ನಾಳೆ ಬೆಳಿಗ್ಗೆಯಿಂದ ಐದು ದಿನ ಬೆಟ್ಟಸಾಲಿನ ಮೇಲೆ ನಡೆಯಲೇಬೇಕು ಎಂಬುದು ಅವರ ಹಟ. ಜೊತೆಗೆ ಅಳಿಯನೇ ಬರಬೇಕು ಎಂಬುದು ಇನ್ನೊಂದು ಹಟ. ಅಳಿಯನೋ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಎಲ್ಲೆಲ್ಲಿ ಏನೇನು ತಪ್ಪಾಗಬಹುದು ಎನ್ನುವುದು ಬಿಟ್ಟರೆ ಅವನ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ. ಅವನ ಚೀಲದಲ್ಲಿ ಬಟ್ಟೆಗಿಂತ ಮಾತ್ರೆಗಳೇ ಹೆಚ್ಚಿದ್ದವು.

ಐದನೆಯದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಹಜಾರ. ಒಂದರ ಮೇಲೊಂದು ಕೂರಿಸಿದ ಕಬ್ಬಿಣದ ಮಂಚಗಳು, ಹಗ್ಗದ ತುಂಬ ಒದ್ದೆ ಕಾಲುಚೀಲಗಳು. ಬೀಗದಕೈ ಗೊಂಚಲು ಹಿಡಿದ ಒಡತಿ ಉಸಿರು ತೆಗೆದುಕೊಳ್ಳದೆ ಹೇಳಿದಳು: “ಎರಡೇ ಉಳಿದಿರೋದು, ಎರಡೂ ಮೇಲಿನವು. ಇಷ್ಟು ಅಗ್ಗಕ್ಕೆ ಈ ಬೀದೀಲಿ ಇನ್ನೆಲ್ಲೂ ಸಿಗಲ್ಲ. ನೆಲದ ಮೇಲೆ ಹಾಸ್ಕೊಳ್ಳೋ ಹಾಗಿಲ್ಲ.”

“ಆಯ್ತು,” ಎಂದರು ಮಾವ. ಅಳಿಯನ ಹಾಲು ಅಲ್ಲೇ ಒಡೆಯಿತು.

ಆದರೆ ಮಂಚದ ಬಳಿ ಹೋದ ಮಾವ ಏಣಿ ಹಿಡಿದು ಹಾಗೇ ನಿಂತರು. ಆರೇ ಆರು ಮೆಟ್ಟಿಲು. ಒಂದು ಕಾಲು ಇಟ್ಟರು, ತೆಗೆದರು. ಗೋಡೆಯ ಮೇಲಿದ್ದ ನಿಯಮಗಳ ಪಟ್ಟಿಯನ್ನು ಪರೀಕ್ಷೆಗೆ ಓದುವವರಂತೆ ಓದಿದರು. ಮತ್ತೆ ಕಾಲು ಇಟ್ಟರು, ಮತ್ತೆ ತೆಗೆದರು. “ಬೋಲ್ಟ್ ಸಡಿಲ ಇದ್ದ ಹಾಗಿದೆ,” ಎಂದರು. ಅಳಿಯ ಅಲ್ಲಾಡಿಸಿ ನೋಡಿದ. ಏಣಿ ಬಂಡೆಯ ಹಾಗಿತ್ತು. ಮಾವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಬೆಳಗಿನಿಂದ ಹುಡುಕುತ್ತಿದ್ದ ನೆಪ ಕೈಗೆ ಬಂದು ಕೂತಿತ್ತು. “ಬಸ್ಸು ಇನ್ನೂ ಹೋಗಿಲ್ಲ ಮಾವ,” ಎಂದ ಅಳಿಯ ಮೆಲ್ಲಗೆ. ಬೈಸಿಕೊಳ್ಳಲು ಸಿದ್ಧನಾಗಿಯೇ ನಿಂತಿದ್ದ.

“ಹೌದಾ? ಸರಿ, ನಡೀರಿ ಹೋಗೋಣ,” ಎಂದರು ಮಾವ.

ಇಷ್ಟು ಸುಲಭವಾಗಿ ಸಿಕ್ಕ ಗೆಲುವು ಅಳಿಯನ ಗಂಟಲಲ್ಲಿ ಇಳಿಯಲಿಲ್ಲ. ಮಾವ ಬಗ್ಗಿ, ಬಿಚ್ಚಿಯೇ ಇರದ ಬೂಟಿನ ದಾರವನ್ನು ಮತ್ತೆ ಬಿಗಿಯತೊಡಗಿದರು. ಮಾತಾಡಿದ್ದೂ ಬೂಟಿನ ಜೊತೆಗೇ.

“ಕೊನೆಯ ಎರಡು ವರ್ಷ ಒಂದು ಕಂಬಾನೂ ಹತ್ತಿಲ್ಲ ನಾನು. ನಾಲ್ಕು ಅಡಿ ಏರೋದ್ರೊಳಗೆ ಕೈ ನಡುಗೋದು. ಕೆಳಗೆ ನಿಂತು ಬೇರೆಯವರನ್ನ ಹತ್ತಿಸ್ತಿದ್ದೆ. ಡಾಕ್ಟರು ಮೈಯಲ್ಲೇನೂ ಇಲ್ಲ ಅಂದ್ರು, ಭಯಕ್ಕೆ ಮಾತ್ರೆ ಇಲ್ಲವಂತೆ. ಬೀಳ್ಕೊಡುಗೆ ದಿನ ಎಲ್ಲರೂ ನನ್ನ ಧೈರ್ಯಾನೇ ಹೊಗಳಿದ್ರು. ಬಾಯಿ ಮುಚ್ಕೊಂಡು ಕೂತಿದ್ದೆ.”

“ಮತ್ತೆ ಈ ಬೆಟ್ಟ ಯಾಕೆ ಮಾವ?”

“ಮೂರನೇ ದಿನ ಒಂದು ತೂಗುಸೇತುವೆ ಬರುತ್ತೆ. ಅದನ್ನ ದಾಟಿದ್ರೆ, ಅವರು ಹೇಳಿದ್ದರಲ್ಲಿ ಅರ್ಧನಾದ್ರೂ ನಿಜ ಆಗುತ್ತೆ ಅಂತ.”

“ನಿಮ್ಮ ಜೊತೆಗಾರರ ದಂಡೇ ಇತ್ತಲ್ಲ. ನನ್ನನ್ನೇ ಯಾಕೆ ಎಳ್ಕೊಂಡು ಬಂದ್ರಿ?”

“ಅವರೆಲ್ಲ ಗಟ್ಟಿಗರು. ನೀವು ಹೆದರುಪುಕ್ಕಲರು ಅಂತ ಮಗಳು ಹೇಳಿದ್ಲು.” ಮಾವ ಮೊದಲ ಸಲ ತಲೆಯೆತ್ತಿದರು. “ಹೆದರೋರ ಪಕ್ಕದಲ್ಲಿ ಹೆದರೋಕೆ ನಾಚಿಕೆ ಆಗಲ್ಲ ನೋಡಿ.”

ಅಳಿಯನ ಕಿವಿ ಬಿಸಿಯಾಯಿತು. ಇದು ಬೈಗುಳವೋ ಮರ್ಯಾದೆಯೋ ಅವನಿಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಕೆಳಗಿನ ಮಂಚದಲ್ಲಿ ಪಾದಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದ ಹೆಂಗಸು ಎದ್ದು ನಿಂತಳು. “ಅಣ್ಣಾ, ನೀವು ಇಲ್ಲೇ ಮಲಗಿ. ನಾನು ಮೇಲೆ ಹೋಗ್ತೀನಿ, ನನಗೇನೂ ಕಷ್ಟ ಇಲ್ಲ.”

ಮಾವನ ಮುಖ ಅರಳಿತು. ಕೈ ಆಗಲೇ ಕೆಳಗಿನ ದಿಂಬಿನ ಕಡೆ ಚಾಚಿತ್ತು.

“ಬೇಡಕ್ಕಾ,” ಎಂಬ ದನಿ ಕೇಳಿತು. ಅದು ತನ್ನದೇ ಎಂದು ಅಳಿಯನಿಗೆ ಗೊತ್ತಾಗಲು ಕ್ಷಣ ಹಿಡಿಯಿತು. “ಮಾವ ಮೇಲೇ ಮಲಗ್ತಾರೆ. ಸೇತುವೆ ದಾಟ್ಬೇಕಲ್ಲ.”

ಹೊರಗೆ ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದ. ಅಳಿಯನ ಎದೆ ಅದರ ಹಿಂದೆಯೇ ನಾಲ್ಕು ಹೆಜ್ಜೆ ಓಡಿತು. ಕಾಲು ಮಾತ್ರ ಅಲ್ಲಾಡಲಿಲ್ಲ. ಅವನು ಮಂಡಿಯೂರಿ ಮಾವನ ಬೂಟು ಬಿಚ್ಚಿದ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೊದಲ ಮೆಟ್ಟಿಲ ಮೇಲಿಟ್ಟ. ಆಮೇಲೆ ಇನ್ನೊಂದು ಹಿಮ್ಮಡಿ. ಆಮೇಲೆ ಮತ್ತೆ ಮೊದಲನೆಯದು. ನಾಲ್ಕನೆಯ ಮೆಟ್ಟಿಲಲ್ಲಿ ಏಣಿ ಕಿರ್ರೆಂದಿತು, ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಯಾರೂ ಇಳಿಯೋಣ ಎನ್ನಲಿಲ್ಲ. ಐದು. ಆರು. ಮೇಲೆ ಹಾಸಿಗೆ ಸರಸರ ಎಂದಿತು, ಸ್ಪ್ರಿಂಗುಗಳು ನರಳಿದವು.

“ಅಳಿಯಂದ್ರೇ, ನಾನು ಮೇಲೆ ಬಂದ್ನಾ?” ಮಾವನ ದನಿ ತೆಳ್ಳಗಿತ್ತು. “ನಾನು ಕಣ್ಣು ಮುಚ್ಕೊಂಡಿದೀನಿ. ನೀವೇ ನೋಡಿ ಹೇಳಿ.”

“ತಡೀರಿ ಮಾವ,” ಎಂದ ಅಳಿಯ, ಹಿಡಿದ ಹಿಮ್ಮಡಿ ಬಿಡದೆ. “ಮೊದಲು ನಾನು ಕಣ್ಣು ಬಿಡ್ಬೇಕು.”