ಕಲಿಯುವ ಕೈ

ಕಾರ್ಖಾನೆಯವರು ಫಕೀರಪ್ಪನ ಬಲಗೈಗೆ ಕೈಗವಸು ತೊಡಿಸಿ ಕೀಲಿ ಹಾಕಿ ಇಂದಿಗೆ ಒಂದು ವಾರ. ತರಬೇತಿ ಮುಗಿಯುವವರೆಗೆ ಮಲಗುವಾಗಲೂ ಅದನ್ನು ತೆಗೆಯುವಂತಿಲ್ಲ. ಮನೆಯಲ್ಲಿ ಕೈ ಮಾಡಿದ್ದನ್ನೆಲ್ಲ ಕಾರ್ಖಾನೆಯ ಯಂತ್ರದ ತೋಳೂ ಮಾಡಿ ಕಲಿಯುತ್ತದೆ. ಓಣಿಯಲ್ಲಿ ಇದೇನೂ ಹೊಸದಲ್ಲ. ಪಕ್ಕದ ಮನೆಯವನು ಬೆನ್ನು ತುರಿಸಿಕೊಂಡೇ ನಪಾಸಾಗಿ, ಮತ್ತೊಂದು ವಾರ ತೊಟ್ಟಿದ್ದ.

ಫಕೀರಪ್ಪ ಮಾತ್ರ ಚಹಾದ ಕಪ್ಪನ್ನೂ ಹೂವಿನಂತೆ ಎತ್ತುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದ ದಿನ ಆ ಕೈ ಜೋರಾಗಿ ಮೇಲೆದ್ದು, ಗಾಳಿಯಲ್ಲೇ ನಿಂತು, ಕೊನೆಗೆ ಅವನ ತಲೆಯನ್ನೇ ಸವರಿತ್ತು.

ಇವತ್ತು ಕೈಗವಸು ಬಿಚ್ಚಲು ತರಬೇತಿಯ ಮೇಡಂ ಮನೆಗೇ ಬಂದಿದ್ದರು. ಹೆಂಡತಿ ನೀಲವ್ವ ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು.

"ಭಾಳ ಹಗುರ ಕೈರಿ ನಿಮ್ಮದು," ಎಂದರು ಮೇಡಂ. "ಗಾಜಿನ ಸಾಮಾನು ಎತ್ತಾಕ ಇಂಥಾ ಕೈನ ಬೇಕಾಗಿತ್ತು. ಪಾಸ್!"

"ತಡೀರಿ ಮೇಡಂ, ಪೇಢೆ ತರ್ತೀನಿ. ಆಮ್ಯಾಲೆ ಬಿಚ್ಚೂಣಂತ," ಎಂದು ಫಕೀರಪ್ಪ ಅಂಗಡಿಗೆ ಓಡಿದ.

ನೀಲವ್ವ ಪೊರಕೆ ಬಿಟ್ಟು ಹತ್ತಿರ ಬಂದಳು.

"ಅವ್ರನ್ನ ನಪಾಸ್ ಮಾಡ್ರಿ ಮೇಡಂ."

"ಅಯ್ಯ, ಯಾಕ್ರಿ? ಇಷ್ಟು ಛಲೋ ಕಲಿಸ್ಯಾರ!"

ಅವಳು ಸೆರಗು ಸರಿಸಿ ತೋಳು ತೋರಿಸಿದಳು. ಬಾಸುಂಡೆಗಳು ಹಳದಿಗೆ ತಿರುಗಿ ಮಾಯುತ್ತಿದ್ದವು.

"ಎಲ್ಲಾ ಹಳೇವು ನೋಡ್ರಿ. ಈ ವಾರದ್ದು ಒಂದೂ ಇಲ್ಲ."

ಹೊರಗೆ ಚಪ್ಪಲಿಯ ಸದ್ದಾಯಿತು. ಮೇಡಂ ಕೈಗವಸಿನ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

"ಪೇಢೆ ಇರ್ಲಿ ಫಕೀರಪ್ಪ. ನಿಮ್ಮ ಕೈ ಇನ್ನೂ ಕಲಿಯೂದೈತಿ."